ದಾರಿ ತೋರುವ ಬೂಟು ನಾಗರಹೊಳೆಗೂ ಬರಲಿ

ಹೊಗೆ ತುಂಬಿದ ಕೋಣೆಯಲ್ಲಿ ಕಣ್ಣು ಕಾಣುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಣ್ಣಿಗಿಂತ ಬೇಗ ಕೈಕೊಡುವುದು ದಿಕ್ಕು. ನಾಲ್ಕು ಹೆಜ್ಜೆ ಒಳಗೆ ಹೋಗಿ ಒಂದು ಸಲ ಮೈ ತಿರುಗಿಸಿದರೆ ಸಾಕು, ಬಂದ ಬಾಗಿಲು ಎಡಕ್ಕಿತ್ತೋ ಬಲಕ್ಕಿತ್ತೋ ಎಂಬ ಅಂದಾಜು ತಪ್ಪಿಹೋಗುತ್ತದೆ. ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತನಾಗಿ ಈಗ ಕೊಡಗಿನ ತಿತಿಮತಿಯ ಸಮೀಪ ಒಂದಿಷ್ಟು ಕಾಫಿ ನೋಡಿಕೊಂಡಿದ್ದೇನೆ. ಆ ದಿಕ್ಕು ತಪ್ಪಿದ ಗಳಿಗೆಯ ಭಯ ಇವತ್ತಿಗೂ ಮೈಯಲ್ಲಿದೆ. ಆದ್ದರಿಂದಲೇ ಈ ಮಾತು ಬರೆಯುತ್ತಿದ್ದೇನೆ.

ನಮಗೆ ಕಲಿಸಿದ ವಿದ್ಯೆ ಸರಳ. ಮಂಡಿಯೂರಿ ನುಗ್ಗಬೇಕು, ಯಾಕೆಂದರೆ ಹೊಗೆ ಮೇಲೆ, ಉಸಿರು ಕೆಳಗೆ. ಒಂದು ಕಾಲನ್ನು ಮುಂದೆ ಚಾಚಿ ನೆಲ ಇದೆಯೇ ಎಂದು ನೋಡಬೇಕು. ಗೋಡೆ ಮುಟ್ಟುವುದಾದರೆ ಅಂಗೈಯಿಂದ ಮುಟ್ಟಬಾರದು, ಮುಂಗೈಯ ಹಿಂಬದಿಯಿಂದ ಮುಟ್ಟಬೇಕು. ಕರೆಂಟು ಹೊಡೆದರೆ ಅಂಗೈ ತಂತಿಯನ್ನು ಹಿಡಿದುಕೊಳ್ಳುತ್ತದೆ, ಹಿಂಬದಿಯಾದರೆ ಕೈ ಹಿಂದಕ್ಕೆ ಬರುತ್ತದೆ. ಒಳಗೆ ಹೋಗುವಾಗ ಬಲಗೈ ಗೋಡೆ ಬಿಡಬಾರದು, ಬರುವಾಗ ಎಡಗೈ. ಹೋಸ್ ಎಳೆದುಕೊಂಡು ಹೋಗಿದ್ದರೆ ಅದೇ ವಾಪಸ್ ದಾರಿ. ಬೆನ್ನ ಮೇಲಿನ ಬಿ.ಎ. (ಉಸಿರಾಟದ) ಸೆಟ್ಟಿನಲ್ಲಿ ಆರು ಲೀಟರಿನ ಸಿಲಿಂಡರು, 300 ಬಾರ್ ಒತ್ತಡದ ಗಾಳಿ. ಲೆಕ್ಕದ ಪ್ರಕಾರ ಮುಕ್ಕಾಲು ಗಂಟೆ. ಭಾರ ಎಳೆಯುತ್ತ ಮೆಟ್ಟಿಲು ಹತ್ತುವವನಿಗೆ ಅದರ ಅರ್ಧ ಸಿಕ್ಕರೆ ಹೆಚ್ಚು. ಗಾಳಿ ಮುಗಿಯುತ್ತ ಬಂದಾಗ ಒಂದು ಸಿಳ್ಳೆ ಹೊಡೆದುಕೊಳ್ಳುತ್ತದೆ. ಆ ಸಿಳ್ಳೆ ಕೇಳಿದಾಗ ಬಾಗಿಲು ಎಲ್ಲಿದೆ ಎಂಬುದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಮುಂದೆ ಏನು ಎಂಬುದನ್ನು ಯಾವ ತರಬೇತಿಯೂ ಸಮಾಧಾನವಾಗುವಂತೆ ಹೇಳಿಕೊಟ್ಟಿಲ್ಲ.

ಅಮೆರಿಕದ ವೂಸ್ಟರ್ ನಗರದಲ್ಲಿ 1999ರ ಡಿಸೆಂಬರ್ 3ರಂದು ಆದದ್ದು ಇದೇ. ಬಳಕೆಯಲ್ಲಿಲ್ಲದ ಒಂದು ಶೀತಲ ಗೋದಾಮು. ತಂಪು ಹೋಗದಂತೆ ಗೋಡೆಗಳಿಗೆ ಕಾರ್ಕ್ ಹೊದಿಸಿದ್ದರು, ಮೇಲಿನ ಅಂತಸ್ತುಗಳಿಗೆ ಕಿಟಕಿಯೇ ಇರಲಿಲ್ಲ. ಒಳಗೆ ಯಾರೋ ನಿರ್ಗತಿಕರು ಇರಬಹುದೆಂದು ಹುಡುಕಲು ಹೋದ ಇಬ್ಬರು ಅಗ್ನಿಶಾಮಕರು ಹೊಗೆಯಲ್ಲಿ ದಾರಿ ತಪ್ಪಿದರು, ಗಾಳಿ ಮುಗಿಯುತ್ತಿದೆ ಎಂದು ರೇಡಿಯೋದಲ್ಲಿ ಕೂಗಿಕೊಂಡರು. ಅವರನ್ನು ಹುಡುಕಲು ಹೋದವರಲ್ಲಿ ನಾಲ್ವರು ಮರಳಲಿಲ್ಲ. ಒಟ್ಟು ಆರು ಜನ. ಇನ್ನೂ ಒಳಗೆ ನುಗ್ಗಲು ಸಿದ್ಧವಾಗಿದ್ದವರನ್ನು ಹೊರಗಿದ್ದ ಅಧಿಕಾರಿ ಬಾಗಿಲಿಗೆ ಅಡ್ಡ ನಿಂತು ತಡೆಯಬೇಕಾಯಿತು. ಯಾರಿಗಾಗಿ ಹುಡುಕಿದರೋ ಆ ನಿರ್ಗತಿಕರು ಮೊದಲೇ ಕಟ್ಟಡ ಬಿಟ್ಟು ಹೋಗಿದ್ದರು. ಅದೇ ಊರಿನ ತಾಂತ್ರಿಕ ವಿಶ್ವವಿದ್ಯಾಲಯ ಆಮೇಲೆ ವರ್ಷಗಟ್ಟಲೆ ಒಂದೇ ಪ್ರಶ್ನೆಯ ಬೆನ್ನು ಹತ್ತಿತು: ಕಟ್ಟಡದೊಳಗೆ ಇರುವ ಮನುಷ್ಯ ಈ ಕ್ಷಣ ಎಲ್ಲಿದ್ದಾನೆ ಎಂಬುದನ್ನು ಹೊರಗಿರುವವರು ತಿಳಿಯುವುದು ಹೇಗೆ?

ಇದನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು. ಎತ್ತರದ ಗೋಡೆ, ಮೇಲೆ ಶೀಟು, ಒಳಗೆ ಚಾವಣಿ ಮುಟ್ಟುವಷ್ಟು ಮೂಟೆಗಳ ಅಟ್ಟಿ. ಚೆರಿ, ಪಾರ್ಚ್‌ಮೆಂಟ್, ಹೊಟ್ಟು. ಅಟ್ಟಿಗಳ ನಡುವೆ ಒಬ್ಬರು ಹೋಗುವಷ್ಟು ಓಣಿ. ಈ ವಾರ ಇದ್ದ ಓಣಿ ಮುಂದಿನ ವಾರ ಇರುವುದಿಲ್ಲ, ಲೋಡು ಬಂದಂತೆ ಹೋದಂತೆ ಒಳಗಿನ ನಕ್ಷೆ ಬದಲಾಗುತ್ತದೆ. ಗೋಣಿಚೀಲಕ್ಕೆ ಹಿಡಿದ ಕಿಡಿ ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡುತ್ತದೆ. ಬಲಗೈ ಗೋಡೆ ಬಿಡಬಾರದು ಎಂಬ ಪಾಠ ಅಲ್ಲಿ ಮೂಟೆಯ ಅಟ್ಟಿಯನ್ನು ಸುತ್ತಿಸಿ ಹೊರಟಲ್ಲಿಗೇ ತಂದು ಬಿಡುತ್ತದೆ. ಕೊಡಗಿನಲ್ಲಿ ಗಗನಚುಂಬಿ ಕಟ್ಟಡಗಳಿಲ್ಲ, ಒಳಗಿರುವವರ ಜಾಗ ತೋರಿಸುವ ಸಾಧನ ಬೆಂಗಳೂರಿಗೆ ಸಾಕು ಎನ್ನುವವರು ಹಂಗಾಮಿನಲ್ಲಿ ಒಂದು ಗೋದಾಮಿನೊಳಗೆ ದೀಪ ಆರಿಸಿ ಹತ್ತು ಹೆಜ್ಜೆ ನಡೆದು ನೋಡಬೇಕು.

ಒಳಗಿರುವವನು ಎಲ್ಲಿದ್ದಾನೆ ಎಂಬ ಆ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಬೂಟು. ಅದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ ಎಂಬುದು ಕರ್ನಾಟಕದಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ವಿ.ಎಸ್. ಹರಿ ಮತ್ತು ಸ್ಟಾಕ್‌ಹೋಮ್‌ನ ಕೆಟಿಎಚ್ ತಾಂತ್ರಿಕ ಸಂಸ್ಥೆಯ ಸಂಶೋಧಕರು ಸೇರಿ 2012ರಲ್ಲಿ ‘ಓಪನ್‌ಶೂ’ ಎಂಬ ಸಾಧನವನ್ನು ಪ್ರಕಟಿಸಿದರು. ಬೂಟಿನ ಹಿಮ್ಮಡಿಯಲ್ಲಿ ಕೂರುವಷ್ಟು ಚಿಕ್ಕದು. ಅದರ ವಿನ್ಯಾಸವನ್ನೂ ತಂತ್ರಾಂಶವನ್ನೂ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು.

ಕಟ್ಟಡದೊಳಗೆ ಜಿಪಿಎಸ್ ನೆಚ್ಚುವಂತಿಲ್ಲ, ಉಪಗ್ರಹದ ಕ್ಷೀಣ ಸಂಕೇತ ಕಾಂಕ್ರೀಟು ದಾಟುವುದಿಲ್ಲ. ಆದ್ದರಿಂದ ಈ ಸಾಧನ ಹೊರಗಿನ ಯಾವ ಸಂಕೇತವನ್ನೂ ಕಾಯುವುದಿಲ್ಲ. ಮೊಬೈಲಿನಲ್ಲಿ ಇರುವಂಥದೇ ಎರಡು ಬಗೆಯ ಸಂವೇದಕಗಳು: ವೇಗ ಎಷ್ಟು ಏರಿತು ಎಂದು ಹೇಳುವುದು ಒಂದು, ಎಷ್ಟು ತಿರುಗಿದೆವು ಎಂದು ಹೇಳುವುದು ಇನ್ನೊಂದು. ಎರಡನ್ನೂ ಕೂಡಿಸುತ್ತ ಹೋದರೆ ಹೊರಟ ಜಾಗದಿಂದ ಎಷ್ಟು ದೂರ, ಯಾವ ಕಡೆ ಬಂದೆವು ಎಂಬ ಲೆಕ್ಕ ಸಿಗುತ್ತದೆ. ತೊಂದರೆ ಏನೆಂದರೆ ಸಣ್ಣ ತಪ್ಪೂ ಕೂಡುತ್ತ ಹೋಗುತ್ತದೆ. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುತ್ತ ಗದ್ದೆ ದಾಟುವವನು ಕೊನೆಗೆ ಬೇರೆಯವರ ಬದುವಿಗೆ ಬಂದು ನಿಲ್ಲುವ ಹಾಗೆ, ಕೆಲವೇ ಸೆಕೆಂಡುಗಳಲ್ಲಿ ಲೆಕ್ಕ ದಿಕ್ಕಾಪಾಲಾಗುತ್ತದೆ. ಬೂಟಿನ ಜಾಣತನ ಇರುವುದು ಇಲ್ಲಿ. ನಡೆಯುವಾಗ ಪ್ರತಿ ಹೆಜ್ಜೆಗೂ ಪಾದ ನೆಲದ ಮೇಲೆ ಒಂದು ಕ್ಷಣ ಪೂರಾ ನಿಲ್ಲುತ್ತದೆ. ಆ ಕ್ಷಣ ವೇಗ ಸೊನ್ನೆ ಎಂಬುದು ಖಚಿತ. ಸಾಧನ ಅದನ್ನು ಗುರುತಿಸಿ, ಅಲ್ಲಿಯವರೆಗೆ ಸೇರಿಕೊಂಡ ತಪ್ಪನ್ನು ತಿದ್ದಿಕೊಂಡು ಮುಂದಿನ ಹೆಜ್ಜೆಗೆ ಹೊಸದಾಗಿ ಲೆಕ್ಕ ಹಿಡಿಯುತ್ತದೆ. ಹೀಗೆ ಹೆಜ್ಜೆ ಹೆಜ್ಜೆಗೂ.

ಆದರೂ ದಿಕ್ಕಿನ ತಪ್ಪು ನಿಧಾನವಾಗಿ ಉಳಿದುಕೊಳ್ಳುತ್ತದೆ. ಅದಕ್ಕೆ ಇದೇ ಬಳಗ 2014ರ ಹೊತ್ತಿಗೆ ಅಗ್ನಿಶಾಮಕರನ್ನೇ ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ದಾರಿ ತೋರಿಸಿತು. ಎರಡೂ ಬೂಟುಗಳಲ್ಲಿ ಸಂವೇದಕ, ಜೊತೆಗೆ ಒಟ್ಟಿಗೆ ಒಳಹೋದವರ ನಡುವಿನ ಅಂತರವನ್ನು ರೇಡಿಯೋದಿಂದ ಅಳೆಯುವುದು. ಒಬ್ಬನ ಲೆಕ್ಕ ಜಾರಿದರೆ ಜೊತೆಗಾರನ ಲೆಕ್ಕ ಅದನ್ನು ಹಿಡಿದು ನಿಲ್ಲಿಸುತ್ತದೆ. ನಮ್ಮ ದಳದಲ್ಲಿ ಒಬ್ಬಂಟಿಯಾಗಿ ಯಾರೂ ಒಳಗೆ ಹೋಗಬಾರದು ಎಂಬ ಹಳೆಯ ನಿಯಮವನ್ನೇ ಗಣಿತಕ್ಕೆ ಇಳಿಸಿದಂತಿದೆ ಇದು.

ಬೇರೆ ಪ್ರಯತ್ನಗಳೂ ಇವೆ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಗೋಡೆ ದಾಟಬಲ್ಲ ಕಾಂತಕ್ಷೇತ್ರ ಬಳಸಿ ಒಳಗಿರುವವರನ್ನು ಪತ್ತೆಹಚ್ಚುವ ‘ಪಾಯಿಂಟರ್’ ಎಂಬುದನ್ನು ರೂಪಿಸಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ವೇಕ್ ಎಂಬ ಕಂಪನಿ ಹೆಲ್ಮೆಟ್ಟಿಗೆ ಕೂರಿಸುವ ಶಾಖ ಕ್ಯಾಮೆರಾ ಮಾಡಿದೆ. ಅದು ಬಾಗಿಲು, ಮೆಟ್ಟಿಲು, ಬಿದ್ದ ಮನುಷ್ಯ ಇವುಗಳ ಅಂಚನ್ನು ಕಣ್ಣೆದುರು ಗೆರೆಯಾಗಿ ಬರೆದು ತೋರಿಸುತ್ತದೆ. ಒಳ್ಳೆಯ ಕೆಲಸಗಳೇ. ಆದರೆ ನನ್ನ ಒಲವು ಬೂಟಿನ ಕಡೆಗೇ. ಅದರ ಬಿಡಿಭಾಗ ಅಗ್ಗ, ವಿದ್ಯೆ ನಮ್ಮಲ್ಲೇ ಇದೆ, ಮತ್ತು ತೊಟ್ಟವನ ಕೈ ಎರಡೂ ಖಾಲಿ ಇರುತ್ತವೆ.

ಈಗ ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನನ್ನ ತೋಟದ ಬೇಲಿಯಿಂದ ಅನತಿ ದೂರದಲ್ಲಿ ನಾಗರಹೊಳೆಯ ಕಾಡು ಶುರುವಾಗುತ್ತದೆ. 643 ಚದರ ಕಿಲೋಮೀಟರು. ಜನವರಿ ಕಳೆದ ಮೇಲೆ ಕಾಫಿ ಅರಳಿಸುವ ಹೂಮಳೆ ಬೀಳುವ ತನಕ ಈ ಭಾಗದ ಪ್ರತಿ ಮನೆಯೂ ಸಂಜೆ ಹೊತ್ತು ಕಾಡಿನ ಕಡೆ ನೋಡುತ್ತದೆ. ಆ ಕಾಡಿನ ಬೆಂಕಿಗೆ ಎದುರಾಗಿ ನಿಲ್ಲುವವರಲ್ಲಿ ಬಹುಪಾಲು ಜನ ನನ್ನಂತೆ ಸಮವಸ್ತ್ರ, ಪಿಂಚಣಿ ಇದ್ದವರಲ್ಲ. ಹಾಡಿಗಳಿಂದ ಬರುವ ಜೇನುಕುರುಬರು, ಬೆಟ್ಟಕುರುಬರು, ಯರವರು. ಬೇಸಿಗೆಯ ಮಟ್ಟಿಗೆ ದಿನಗೂಲಿಗೆ ಸೇರಿದ ಫೈರ್ ವಾಚರುಗಳು. ಡಿಸೆಂಬರ್, ಜನವರಿಯಲ್ಲಿ ಬೆಂಕಿರೇಖೆ ಸವರಿ ಸುಡುವವರು ಅವರೇ, ಬೆಂಕಿ ಬಿದ್ದರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುವವರೂ ಅವರೇ. ನಮಗೆ ಬೆನ್ನ ಮೇಲೆ ಗಾಳಿಯ ಸಿಲಿಂಡರಾದರೂ ಇತ್ತು. ಅವರಿಗೆ ಮೂಗಿಗೆ ಕಟ್ಟಿಕೊಂಡ ಒದ್ದೆ ಟವೆಲು.

ಕಾಡಿನ ದಾರಿ ಅವರಿಗೆ ಗೊತ್ತು, ಅವರಿಗೇಕೆ ಯಂತ್ರ ಎಂದು ಕೇಳುವವರಿದ್ದಾರೆ. ಹೌದು, ಆನೆದಾರಿ ಯಾವುದು, ಯಾವ ಹಡ್ಲು ಫೆಬ್ರುವರಿಯಲ್ಲೂ ಹಸಿಯಿರುತ್ತದೆ, ಯಾವ ಕೆರೆಯ ಏರಿ ಹತ್ತಿದರೆ ಬೆಂಕಿ ಹಿಂದೆ ಬರುವುದಿಲ್ಲ ಎಂಬುದು ಅವರಷ್ಟು ಬೇರೆ ಯಾರಿಗೂ ತಿಳಿಯದು. ಈಗಾಗಲೇ ಸುಟ್ಟ ನೆಲವೇ ಅತಿ ಸುರಕ್ಷಿತ ಜಾಗ ಎಂಬುದನ್ನು ಅವರು ಯಾವ ಪುಸ್ತಕವೂ ಇಲ್ಲದೆ ಕಲಿತಿದ್ದಾರೆ. ಆದರೆ ಒಣಗಿದ ಬಿದಿರು ಮೆಳೆ, ಆಳೆತ್ತರದ ಲಂಟಾನ, ಮಧ್ಯಾಹ್ನ ತಿರುಗುವ ಗಾಳಿ, ಏರಿನಲ್ಲಿ ಓಡುವ ಬೆಂಕಿ ಸೇರಿದಾಗ ತಿಳಿದ ಕಾಡೂ ಅಪರಿಚಿತವಾಗುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಬೆಂಕಿಯ ಓಟ ಸುಮಾರು ಇಮ್ಮಡಿಯಾಗುತ್ತದೆ. ಬ್ರಹ್ಮಗಿರಿ, ತಡಿಯಂಡಮೋಳ್‌ಗಳ ಹುಲ್ಲುಬೆಟ್ಟಗಳಲ್ಲಿ ಅದನ್ನು ಮನುಷ್ಯನ ಕಾಲು ಹಿಂದೆ ಹಾಕಲಾರದು. ಹೊಗೆಯಲ್ಲಿ ಆನೆಯೂ ದಿಕ್ಕು ತಪ್ಪಿ ಎದುರು ಬರಬಹುದು.

ಸತ್ತವರ ಲೆಕ್ಕ ದೂರದ್ದಲ್ಲ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ಒಬ್ಬ ಅರಣ್ಯ ರಕ್ಷಕರು ತೀರಿಕೊಂಡರು. 2020ರ ಫೆಬ್ರುವರಿಯಲ್ಲಿ ಕೇರಳದ ತ್ರಿಶೂರು ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ ಮೂವರು ವಾಚರುಗಳು ಬೆಂಕಿಯ ನಡುವೆ ಸಿಕ್ಕಿಬಿದ್ದರು. 2023ರ ಫೆಬ್ರುವರಿಯಲ್ಲಿ ಪಕ್ಕದ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಬೆಂದ ಅರಣ್ಯ ರಕ್ಷಕರೊಬ್ಬರು ಉಳಿಯಲಿಲ್ಲ. ಮೂರಕ್ಕೂ ಒಂದೇ ತಿಂಗಳು.

ಬೆಂಕಿಯನ್ನು ಕಾಣಲು ನಮಗೆ ಆಕಾಶದಲ್ಲಿ ಕಣ್ಣಿದೆ. ಉಪಗ್ರಹಗಳು 375 ಮೀಟರಿನ ಚೌಕದೊಳಗಿನ ಉರಿಯನ್ನು ಗುರುತಿಸುತ್ತವೆ, ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅದನ್ನು ಅಧಿಕಾರಿಗಳ ಮೊಬೈಲಿಗೆ ಕಳಿಸುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರುಗಳೇ ನೀರು ಹೊತ್ತು ಬಂದವು. ಎಷ್ಟು ಎಕರೆ ಸುಟ್ಟಿತು ಎಂಬುದನ್ನು ಆಮೇಲೆ ಉಪಗ್ರಹ ಚಿತ್ರದಿಂದ ಅಳೆದರು. ಬೆಂಕಿಯ ಎದುರು ನಿಂತ ಮನುಷ್ಯ ಆ ಚಿತ್ರದಲ್ಲಿ ಎಲ್ಲೂ ಇಲ್ಲ. ಅವನು ಎಲ್ಲಿದ್ದಾನೆ ಎಂದು ತಿಳಿಯಲು ವಾಕಿಟಾಕಿಯಲ್ಲಿ ಕೇಳಬೇಕು, ಅವನು ಉಸಿರು ಹಿಡಿದು ಉತ್ತರಿಸಬೇಕು.

ಉತ್ತರ ಸ್ಪಷ್ಟವಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅರಿಜೋನಾದ ಯಾರ್ನೆಲ್ ಬೆಟ್ಟವಿದೆ. 2013ರ ಜೂನ್ 30ರಂದು ಅಲ್ಲಿ ನುರಿತ ತಂಡವೊಂದರ 19 ಜನ ಒಟ್ಟಿಗೆ ಸತ್ತರು. ಸುಟ್ಟ ನೆಲದ ಸುರಕ್ಷಿತ ಜಾಗ ಬಿಟ್ಟು ಅವರು ಕೆಳಗಿಳಿಯುತ್ತಿದ್ದುದು ಮೇಲಧಿಕಾರಿಗಳಿಗೆ ಖಚಿತವಾಗಿ ತಿಳಿದಿರಲಿಲ್ಲ. ಗಾಳಿ ತಿರುಗಿತು. ಮೇಲೆ ವಿಮಾನವಿತ್ತು, ಹೊಗೆಯಲ್ಲಿ ಅವರು ಎಲ್ಲಿದ್ದಾರೆಂದು ಅದಕ್ಕೆ ಕಾಣಲಿಲ್ಲ. 2019ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕಾನೂನೊಂದರಲ್ಲಿ ಅಮೆರಿಕ, ಕಾಡ್ಗಿಚ್ಚಿಗೆ ಇಳಿಯುವ ತಂಡಗಳ ಇರುವಿಕೆ ತಿಳಿಯುವ ವ್ಯವಸ್ಥೆಯಾಗಬೇಕು ಎಂದು ಸೇರಿಸಿತು. ಹತ್ತೊಂಬತ್ತು ಜನ ಸತ್ತ ಮೇಲೆ ಬಂದ ಆ ಬುದ್ಧಿಯನ್ನು ನಾವು ಅಷ್ಟು ಬೆಲೆ ತೆರದೆ ಪಡೆಯಬಹುದು.

ಬೂಟಿನ ಲೆಕ್ಕವನ್ನು ಹೊರಗೆ ಕಳಿಸಲು ಕಾಡಿನಲ್ಲಿ ಮೊಬೈಲ್ ಟವರಿಲ್ಲ ಎಂಬ ಆಕ್ಷೇಪ ಬರುತ್ತದೆ. ಸಮುದ್ರದಲ್ಲೂ ಇಲ್ಲ. ಆದರೂ ನಮ್ಮ ಇಸ್ರೊ ಮೀನುಗಾರರಿಗೆ ಅಪಾಯದ ಸಂದೇಶ ಕಳಿಸುವ ಸಾಧನವನ್ನು 2010ರಿಂದಲೂ ಕೊಡುತ್ತಿದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ಹೋಗುತ್ತದೆ. 2024ರ ಜನವರಿಯಲ್ಲಿ ಬಂದ ಎರಡನೇ ತಲೆಮಾರಿನ ಸಾಧನದಲ್ಲಿ ನಿಮ್ಮ ಕರೆ ತಲುಪಿದೆ ಎಂಬ ಉತ್ತರವೂ ದೋಣಿಗೆ ಮರಳಿ ಬರುತ್ತದೆ. ಮುಳುಗುವ ದೋಣಿಯಲ್ಲಿರುವವನಿಗೆ ಆ ಒಂದು ಉತ್ತರ ಎಷ್ಟು ದೊಡ್ಡದು ಎಂಬುದು ಹೊಗೆಯಲ್ಲಿ ಕೂಗಿದವರಿಗೆ ಗೊತ್ತು. ಮಂಗಳೂರು, ಮಲ್ಪೆಯ ಕಡಲಿಗೆ ಆಗುವಂಥದ್ದು ನಾಗರಹೊಳೆಯ ಆನೆಚೌಕೂರಿನ ಕಾಡಿಗೆ ಆಗದು ಎನ್ನಲು ಕಾರಣ ನನಗೆ ಕಾಣುತ್ತಿಲ್ಲ. ಮರದ ನೆರಳಿನಡಿ ಸಂಕೇತ ಸ್ವಲ್ಪ ಕುಂದುತ್ತದೆ, ಸರಿ. ಬೇಸಿಗೆಯಲ್ಲಿ ಎಲೆ ಉದುರುವ ಕಾಡು ಇದು. ತಂಡದೊಳಗಿನ ಮಾತಿಗೆ ಕಡಿಮೆ ವಿದ್ಯುತ್ತಿನಲ್ಲಿ ಕೆಲವು ಕಿಲೋಮೀಟರು ಹೋಗುವ ಲೋರಾ ರೇಡಿಯೋ ಇದೆ. ಗುಡ್ಡದ ನೆತ್ತಿಯ ಮೇಲೆ, ವಾಚ್‌ಟವರಿನ ಮೇಲೆ ಒಂದೊಂದು ಪೆಟ್ಟಿಗೆ ಇಟ್ಟರೆ ಸಾಲುತ್ತದೆಯೇ ಎಂದು ನಡೆದು ನೋಡಿಯೇ ತಿಳಿಯಬೇಕು.

ಬೇಸಿಗೆ ಮುಗಿದರೆ ಕೊಡಗಿನಲ್ಲಿ ಇನ್ನೊಂದು ಕಾಲ ಶುರುವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಹೆಬ್ಬೆಟ್ಟಗೇರಿಗಳ ಬೆಟ್ಟ ಜಾರಿದಾಗ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಕುಸಿದು ಅರ್ಚಕರ ಮನೆ ಐವರ ಸಮೇತ ಮಣ್ಣಿನಡಿ ಹೋದಾಗ, ಹುಡುಕಲು ಇಳಿದವರ ಸುತ್ತ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮಾತನಾಡುತ್ತಿದ್ದ ಜೊತೆಗಾರನ ಮುಖ ಕಾಣದಂತಿತ್ತು. ಮೇಲಿನ ಮಣ್ಣು ಇನ್ನೊಮ್ಮೆ ಜಾರಬಹುದೆಂಬ ಭಯ ಪ್ರತಿ ಗಳಿಗೆಯೂ ಇತ್ತು. ಜಾರಿದ್ದರೆ, ನಮ್ಮವರು ಕೊನೆಯದಾಗಿ ಎಲ್ಲಿ ನಿಂತಿದ್ದರು ಎಂದು ಹೇಳಲು ಯಾರ ಬಳಿಯೂ ಒಂದು ಚುಕ್ಕೆಯಿರಲಿಲ್ಲ. ಬೂಟಿನಲ್ಲಿ ಆ ಚುಕ್ಕೆ ಉಳಿಯುತ್ತದೆ. ಯಾವ ಭಾಗ ಹುಡುಕಿ ಆಯಿತು, ಯಾವುದು ಬಾಕಿ ಎಂಬುದೂ ಹೆಜ್ಜೆಯ ಗೆರೆಯಿಂದ ತಿಳಿಯುತ್ತದೆ.

ಆದರೆ ಪ್ರಯೋಗಾಲಯದ ಕಾರಿಡಾರಿನಲ್ಲಿ ನಡೆದು ಪಾಸಾದ ಬೂಟು ನಮ್ಮ ಕೆಸರಿನಲ್ಲಿ ಪಾಸಾಗುತ್ತದೆಂದು ನಾನು ನಂಬುವುದಿಲ್ಲ. ಪಾದ ನೆಲದ ಮೇಲೆ ಕ್ಷಣಕಾಲ ನಿಲ್ಲುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಆ ಲೆಕ್ಕ ನಿಂತಿದೆ. ಭಾಗಮಂಡಲದ ಮಳೆಯಲ್ಲಿ ಪಾದ ಊರಿದ ಮೇಲೂ ಜಾರುತ್ತದೆ. ಹೊಗೆಯಲ್ಲಿ ನಾವು ನಡೆಯುವುದಿಲ್ಲ, ತೆವಳುತ್ತೇವೆ. ತೆವಳುವವನ ಪಾದಕ್ಕೆ ಊರುವ ಕ್ಷಣವೇ ಇಲ್ಲ. ಗ್ಲೌಸು ಹಾಕಿದ ಕೈಗೆ ಸಣ್ಣ ಗುಂಡಿ ಸಿಗುವುದಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಬೆಂಕಿಯ ಮುಂದೆ ನಿಂತು ಯಾರೂ ಓದುವುದಿಲ್ಲ. ಎಡಗೈ ಪಟ್ಟಿ ನಡುಗಿದರೆ ಎಡಕ್ಕೆ, ಬಲಗೈಯದು ನಡುಗಿದರೆ ಬಲಕ್ಕೆ, ಕಿವಿಯಲ್ಲಿ ಕನ್ನಡದಲ್ಲಿ ಎರಡು ಮಾತು. ಅಷ್ಟು ಸಾಕು. ಕಾಡಿನ ನಕ್ಷೆಗೆ ಹಡ್ಲು, ಕೆರೆ, ಆನೆದಾರಿ, ಹಳೆಯ ಬೆಂಕಿರೇಖೆಗಳನ್ನು ಹಾಡಿಯ ಹಿರಿಯರನ್ನು ಕೂರಿಸಿಕೊಂಡು, ಅವರ ಹೆಸರುಗಳಲ್ಲೇ ತುಂಬಬೇಕು. ಆ ಕೆಲಸಕ್ಕೆ ಅವರಿಗೆ ಸಲಹೆಗಾರರ ಸಂಭಾವನೆ ಕೊಡಬೇಕು, ಕೂಲಿಯಲ್ಲ.

ಇನ್ನೊಂದು ಅಂಜಿಕೆಯನ್ನು ಬಿಡಿಸಿ ಹೇಳಲೇಬೇಕು. ಚಂಡೀಗಢ, ನಾಗಪುರಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿದ್ದರು. ಯಾರು ಎಷ್ಟು ಹೊತ್ತು ಎಲ್ಲಿ ನಿಂತರು ಎಂದು ನೋಡಿ ಸಂಬಳ ಹಿಡಿಯುವ ಸಾಧನವಾಗಿ ಅದನ್ನು ಕಂಡ ಕಾರ್ಮಿಕರು ಚಂಡೀಗಢದಲ್ಲಿ ಬೀದಿಗಿಳಿದರು. ಜೀವ ಉಳಿಸಲು ತಂದದ್ದು ನಾಳೆ ಫೈರ್ ವಾಚರನ ಅರ್ಧ ದಿನದ ಕೂಲಿ ಕತ್ತರಿಸಲು ಬಳಕೆಯಾದರೆ ಅವನು ಅದನ್ನು ಮರಕ್ಕೆ ನೇತುಹಾಕಿ ಬೆಂಕಿಗೆ ಹೋಗುತ್ತಾನೆ, ಅವನ ತಪ್ಪಿಲ್ಲ. ಬೆಂಕಿ ಅಥವಾ ರಕ್ಷಣಾ ಕಾರ್ಯಾಚರಣೆಯ ಹೊತ್ತು ಮಾತ್ರ ಅದು ಚಾಲೂ ಇರಲಿ. ಹಾಜರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಸರ್ಕಾರಿ ಆದೇಶದಲ್ಲಿ ಬರೆದು ಹಾಡಿಯಲ್ಲಿ ಓದಿ ಹೇಳಲಿ. ಹಂಗಾಮಿನ ವಾಚರುಗಳಿಗೂ ವಿಮೆ, ಸುಡದ ಬಟ್ಟೆ, ಗಟ್ಟಿ ಬೂಟು ಕೊಟ್ಟ ಮೇಲೆ ಆ ಬೂಟಿನೊಳಗೆ ಸಂವೇದಕ ಇಡಲಿ. ಚಪ್ಪಲಿ ಕಾಲಿನವನಿಗೆ ಹಿಮ್ಮಡಿಯ ಸಂವೇದಕ ಎಲ್ಲಿ ಕೂರುತ್ತದೆ?

ಬೆಂಕಿರೇಖೆಯ ಕೆಲಸ ಡಿಸೆಂಬರ್‌ನಲ್ಲಿ ಶುರುವಾಗುತ್ತದೆ. ಅಷ್ಟರೊಳಗೆ ಅರಣ್ಯ ಇಲಾಖೆ, ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ, ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ಒಂದು ಮೇಜಿನ ಸುತ್ತ ಕೂರಲಿ. ಆನೆಚೌಕೂರು ವಲಯದ ಒಂದು ವಾಚರ್ ತಂಡ, ಗೋಣಿಕೊಪ್ಪ ಠಾಣೆಯ ಒಂದು ತಂಡ ಹೂಮಳೆಯ ತನಕ ತೊಟ್ಟು ನೋಡಲಿ. ನಡುವೆ ಒಂದು ದಿನ ಕೂಡ್ಲೂರಿನ ಯಾವುದಾದರೂ ಗೋದಾಮಿನಲ್ಲಿ ಕೃತಕ ಹೊಗೆ ತುಂಬಿ, ತೆವಳಿಕೊಂಡು. ಜುಲೈ ಬಂದಾಗ ಅದೇ ಬೂಟುಗಳು ಭಾಗಮಂಡಲದ ಇಳಿಜಾರಿನಲ್ಲಿ. ಕೊನೆಗೆ ಬರುವ ವರದಿ ಕನ್ನಡದಲ್ಲಿರಲಿ, ತೊಟ್ಟವರು ಹೇಳಿದ ದೂರುಗಳು ಅದರ ಮೊದಲ ಪುಟದಲ್ಲಿರಲಿ, ಮತ್ತು ಆ ದೂರುಗಳನ್ನು ಸರಿಪಡಿಸುವ ತನಕ ಒಂದು ಜೊತೆಯನ್ನೂ ಟೆಂಡರಿನಲ್ಲಿ ಕೊಳ್ಳದಿರಲಿ.